ಬಾಗಲಕೋಟೆ ಪರಿಸರದಲ್ಲಿ ಔಷಧ ಸರಬರಾಜು: ಕೊರತೆ ಮತ್ತು ನಿರ್ವಹಣೆಯ ಚರಿತ್ರೆ

ಔಷಧದ ಚರಿತ್ರೆಯನ್ನು ಸಂಶೋಧನೆ ಮತ್ತು ಚಿಕಿತ್ಸೆಗಳ ಚರಿತ್ರೆಯಾಗಿ ಬರೆಯುವುದು ರೂಢಿ. ಔಷಧವು ರೋಗಿಯ ಕೈ ಸೇರಿದ ದಾರಿಯ ಚರಿತ್ರೆಯೂ ಅಷ್ಟೇ ಮಹತ್ವದ್ದು. ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪ್ರದೇಶವು 1956ರವರೆಗೆ ಮುಂಬಯಿ ಆಡಳಿತದಲ್ಲಿಯೂ, 1997ರ ಆಗಸ್ಟ್ 15ರವರೆಗೆ ವಿಜಾಪುರ ಜಿಲ್ಲೆಯಲ್ಲಿಯೂ ಇತ್ತು. ಅಧಿಕಾರ ಕೇಂದ್ರಗಳು ದೂರವಿದ್ದ ಇಂತಹ ಪ್ರದೇಶದಲ್ಲಿ ಈ ದಾರಿಯ ಪ್ರಶ್ನೆ ವಿಶೇಷವಾಗಿ ಪ್ರಸ್ತುತವೆನಿಸುತ್ತದೆ.

ವಸಾಹತು ಕಾಲದ ಮುಖ್ಯ ಉದಾಹರಣೆ ಕ್ವಿನೈನ್. ಅಂಚೆ ಕಚೇರಿಗಳ ಮೂಲಕ ಅದರ ಪೊಟ್ಟಣಗಳನ್ನು ಕಾಸಿನ ಬೆಲೆಗೆ ಮಾರುವ ಪದ್ಧತಿ 1892ರಲ್ಲಿ ಬಂಗಾಳದಲ್ಲಿ ಆರಂಭಗೊಂಡು ಬಳಿಕ ಇತರ ಪ್ರಾಂತಗಳಿಗೆ ಹಬ್ಬಿತು. ಆದರೆ 1942ರಲ್ಲಿ ಜಾವಾ ದ್ವೀಪ ಜಪಾನಿನ ವಶವಾದೊಡನೆ ಸಿಂಕೋನಾ ತೊಗಟೆಯ ಪ್ರಧಾನ ಮೂಲವೇ ಕಡಿದುಹೋಗಿ, ಭಾರತದಲ್ಲಿ ಕ್ವಿನೈನ್ ದುರ್ಲಭವಾಯಿತು. ವಿತರಣೆಯ ಜಾಲ ಎಷ್ಟೇ ವಿಸ್ತಾರವಾಗಿದ್ದರೂ ಒಂದೇ ಮೂಲವನ್ನು ನೆಚ್ಚಿದರೆ ಅದು ನಿಷ್ಪ್ರಯೋಜಕವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಏಕೀಕರಣದ ನಂತರದ ಸಮಸ್ಯೆ ಇದಕ್ಕಿಂತ ಭಿನ್ನವಾದುದು. ಬೆಂಗಳೂರಿನ ಸರ್ಕಾರಿ ವೈದ್ಯಕೀಯ ಉಗ್ರಾಣದಲ್ಲಿ ದಾಸ್ತಾನಿದ್ದ ಮಾತ್ರಕ್ಕೆ ಬಾದಾಮಿಯ ಆಸ್ಪತ್ರೆಯಲ್ಲಿ ಔಷಧವಿದೆಯೆಂದು ಹೇಳುವಂತಿರಲಿಲ್ಲ. ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮವನ್ನು ಸ್ಥಾಪಿಸಿ, ಖರೀದಿಯನ್ನು ಕೇಂದ್ರೀಕರಿಸಿತು. ದಾಸ್ತಾನನ್ನು ಜಿಲ್ಲಾ ಉಗ್ರಾಣಗಳಿಗೆ ಹಂಚಿ, ಪ್ರತಿ ಆಸ್ಪತ್ರೆಗೂ ಪಾಸ್‌ಪುಸ್ತಕ ನೀಡಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕವೂ ಔಷಧ ಸಾಗಣೆ ಮತ್ತು ಉಗ್ರಾಣ ಸೊಸೈಟಿಯ ಮೂಲಕ ಇದೇ ಮಾದರಿಯನ್ನು ಅನುಸರಿಸಿತು. ಇಂದು ಆ ಹೊಣೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ್ದಾಗಿದೆ.

ಖಾಸಗಿ ಔಷಧಾಲಯದ ಸ್ಥಿತಿಯನ್ನು ಕಾನೂನಿನ ಹಿನ್ನೆಲೆಯಲ್ಲಿ ಗ್ರಹಿಸಬೇಕಾಗುತ್ತದೆ. 1945ರ ಔಷಧ ನಿಯಮಗಳಂತೆ, ವೈದ್ಯರು ಬರೆದ ‘ಎಚ್’ ಅನುಸೂಚಿಯ ಔಷಧದ ಬದಲು ಬೇರೊಂದು ತಯಾರಿಕೆಯನ್ನು ಔಷಧಗಾರನು ತಾನಾಗಿ ಕೊಡುವಂತಿಲ್ಲ. ರೋಗಿಯ ರಕ್ಷಣೆಗಾಗಿಯೇ ಇರುವ ಈ ನಿರ್ಬಂಧದಿಂದ, ಚೀಟಿಯಲ್ಲಿ ನಮೂದಾದ ಹೆಸರಿನ ಮಾತ್ರೆ ಮುಗಿದಾಗ ಇಳಕಲ್ಲಿನ ನೇಕಾರ ಮರಳಿ ವೈದ್ಯರಲ್ಲಿಗೆ ಹೋಗಬೇಕು, ಇಲ್ಲವೇ ಔಷಧವಿಲ್ಲದೆ ಇರಬೇಕು. ರಕ್ತದೊತ್ತಡ, ಮಧುಮೇಹಗಳಂತಹ ದೀರ್ಘಕಾಲೀನ ರೋಗಗಳಲ್ಲಿ ಈ ಅಂತರವೇ ಅಪಾಯಕಾರಿ. 2013ರ ಔಷಧ ಬೆಲೆ ನಿಯಂತ್ರಣ ಆದೇಶವು ಅನುಸೂಚಿತ ಔಷಧದ ತಯಾರಿಕೆಯನ್ನು ನಿಲ್ಲಿಸಬಯಸುವ ಉತ್ಪಾದಕನು 6 ತಿಂಗಳು ಮೊದಲೇ ತಿಳಿಸಬೇಕೆಂದು ವಿಧಿಸಿದೆ. ಅಂಗಡಿಯಲ್ಲಿ ದಾಸ್ತಾನು ಮುಗಿಯುವ ಮುನ್ಸೂಚನೆಯನ್ನು ಮಾತ್ರ ಔಷಧಗಾರನ ಲೆಕ್ಕವೇ ನೀಡಬೇಕು. ದಿನಕ್ಕೆ 20 ಪಟ್ಟಿ ಖರ್ಚಾಗುವ ಮಾತ್ರೆ ಬಂದು ತಲುಪಲು 6 ದಿನ ಬೇಕಾದರೆ, 120 ಪಟ್ಟಿ ಉಳಿದಿರುವಾಗಲೇ ಬೇಡಿಕೆ ಹೋಗಬೇಕು. ಆಪತ್ಕಾಲದ ಮೀಸಲು ಇದಕ್ಕೆ ಹೊರತಾದುದು.

ಆ ಮೀಸಲಿನ ಅಗತ್ಯವನ್ನು 2019ರ ಆಗಸ್ಟ್‌ನಲ್ಲಿ ಬಾದಾಮಿ, ಹುನಗುಂದ ಭಾಗದ ಹಳ್ಳಿಗಳನ್ನು ಆವರಿಸಿದ ಮಲಪ್ರಭೆಯ ಪ್ರವಾಹವೂ, 2021ರಲ್ಲಿ ರಾಜ್ಯದಾದ್ಯಂತ ತಲೆದೋರಿದ ರೆಮ್‌ಡೆಸಿವಿರ್ ಅಭಾವವೂ ಮನಗಾಣಿಸಿದವು. ಮೊದಲನೆಯದು ದಾರಿಯ ಸಂಕಟ, ಎರಡನೆಯದು ಮೂಲದ ಸಂಕಟ. ಹಲವು ಮೂಲಗಳು, ಸಮೀಪದ ಉಗ್ರಾಣ, ನಿತ್ಯದ ಲೆಕ್ಕ ಎಂಬ ಮೂರೂ ಕೂಡಿದಲ್ಲಿ ಮಾತ್ರ ಕೊರತೆಯನ್ನು ತಡೆಯಲು ಸಾಧ್ಯವೆಂಬುದು ಈ ಚರಿತ್ರೆಯಿಂದ ವಿದಿತವಾಗುತ್ತದೆ.