ಪುನರ್ಪುಳಿಯೊಳಗಿನ ಹಳದಿ ಹರಳು

1/5
ಪುನರ್ಪುಳಿ ಜ್ಯೂಸ್ ಎಂತ ಬಣ್ಣ ಅಂತ ಕೇಳಿದ್ರೆ ಮಂಗಳೂರಿನವರು ಯಾರೂ ಯೋಚನೆ ಮಾಡ್ಲಿಕ್ಕಿಲ್ಲ. ಕೆಂಪು. ಬಿಳಿ ಶರ್ಟಿಗೆ ಬಿದ್ರೆ ಕಥೆ ಮುಗೀತು. ಆದರೆ ಇದೇ ಹಣ್ಣಿನ ಸಿಪ್ಪೆಯಿಂದ ತೆಗೆದು ಈಗ ಕ್ಯಾಪ್ಸೂಲ್ ಡಬ್ಬಗಳ ಮೇಲೆ ದೊಡ್ಡದಾಗಿ ಬರೆಯುವ ಒಂದು ವಸ್ತು ಹಳದಿ. ಹೆಸರು ಗಾರ್ಸಿನಾಲ್. ಅದರ ರಚನೆ ಬಿಡಿಸಿದ್ದು ಯಾವುದೋ ಫಾರಿನ್ ಲ್ಯಾಬ್ ಅಲ್ಲ, ನಮ್ಮ ಮೈಸೂರಿನ ಲ್ಯಾಬ್. ಸ್ವಲ್ಪ ಉದ್ದ ಉಂಟು, ಸೇವ್ ಮಾಡಿ ಬಸ್ಸಲ್ಲಿ ಓದಿ.

2/5
1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಸಿಎಫ್‌ಟಿಆರ್‌ಐ ಶುರುವಾಯ್ತು. ಅರಮನೆಯೊಳಗೆ ಆಹಾರದ ಲ್ಯಾಬ್! ಅಲ್ಲಿ ವೈ. ಎಸ್. ಲೂಯಿಸ್ ಅಂತ ಒಬ್ಬ ವಿಜ್ಞಾನಿ ಇದ್ದರು. ಅವರು ಮೊದಲು ಕೈಹಾಕಿದ್ದು ಪುನರ್ಪುಳಿಯ ದಾಯಾದಿ ಉಪ್ಪಾಗೆಗೆ. ಕೊಡಗಿನವರ ಪಂದಿಕರಿಗೆ ಬೀಳುವ ಕಾಚಂಪುಳಿ ಇದರದ್ದೇ. ಉಪ್ಪಾಗೆಯ ಹುಳಿಗೆ ಸಿಟ್ರಿಕ್, ಟಾರ್ಟಾರಿಕ್ ಆಸಿಡ್ ಕಾರಣ ಅಂತ ಆವರೆಗೆ ಪುಸ್ತಕಗಳಲ್ಲಿ ಇತ್ತು. 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್, ಅಲ್ಲ, ಇದು ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಅಂತ ತೋರಿಸಿದರು. ಚಿಕ್ಕದಾಗಿ ಎಚ್‌ಸಿಎ.

1981ರಲ್ಲಿ ಅದೇ ಲೂಯಿಸ್, ಕೃಷ್ಣಮೂರ್ತಿ ಮತ್ತು ರವೀಂದ್ರನಾಥ್ ಜೊತೆ ಸೇರಿ ಗಾರ್ಸಿನಾಲ್‌ನ ರಚನೆ ಪ್ರಕಟಿಸಿದರು. ಒಂದೇ ಕುಟುಂಬದ ಎರಡು ಹಣ್ಣು, ಹದಿನಾರು ವರ್ಷ. ಇವರ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ನೋಡಿಲ್ಲ.

3/5
ಈಗ ತೆಗೆಯುವುದು ಹೇಗೆ? ನನಗೆ ಇದೇ ಇಂಟರೆಸ್ಟಿಂಗ್ ಅನಿಸಿದ್ದು.

ಅಜ್ಜಿ ಸಿಪ್ಪೆಯನ್ನು ನೀರಲ್ಲಿ ನೆನೆಹಾಕ್ತಾರಲ್ಲ, ಅದೂ ಒಂದು ಎಕ್ಸ್‌ಟ್ರಾಕ್ಷನ್ನೇ. ನೀರಿಗೆ ಬರುವುದು ಹುಳಿ ಮತ್ತು ಆಂಥೋಸಯಾನಿನ್ ಎಂಬ ಕೆಂಪು ಬಣ್ಣ. ಆ ಬಣ್ಣವೂ ಆಂಟಿಆಕ್ಸಿಡೆಂಟ್. ಆದರೆ ಬಿಸಿಗೆ, ಬೆಳಕಿಗೆ ಹಾಳಾಗ್ತದೆ. ಗಾರ್ಸಿನಾಲ್‌ಗೆ ನೀರು ಆಗುವುದಿಲ್ಲ. ಅದು ಎಣ್ಣೆಯ ಜಾತಿಗೆ ಸೇರಿದ್ದು. ಒಣ ಸಿಪ್ಪೆಯನ್ನು ಪುಡಿ ಮಾಡಿ ಆಲ್ಕೋಹಾಲ್‌ನಂಥ ದ್ರಾವಕದಲ್ಲಿ ನೆನೆಸಬೇಕು, ದ್ರಾವಕ ಆವಿ ಮಾಡಬೇಕು, ಉಳಿದ ಅಂಟನ್ನು ಹೆಕ್ಸೇನ್‌ನಲ್ಲಿ ಕರಗಿಸಿ ತಣ್ಣಗೆ ಇಡಬೇಕು. ಆಗ ಹಳದಿಯಾಗಿ ತಳಕ್ಕೆ ಕೂರ್ತದೆ. ಒಣ ಸಿಪ್ಪೆಯಲ್ಲಿ ಇರುವುದು ಶೇ. 2–3ರಷ್ಟು. ಅಂದ್ರೆ ಒಂದು ಕೆಜಿಗೆ ಹೆಚ್ಚಂದ್ರೆ 30 ಗ್ರಾಂ.

ಹಾಗಾಗಿ ಜ್ಯೂಸ್‌ನ ಬಣ್ಣ ತೋರಿಸಿ ಯಾರಾದ್ರೂ 'ಗಾರ್ಸಿನಾಲ್ ಪವರ್' ಅಂದ್ರೆ ನಗಾಡಿ ಮುಂದೆ ಹೋಗಿ ಮಾರಾಯ್ರೆ.

4/5
ಇನ್ನು ದುಡ್ಡಿನ ಕಥೆ. ಬಿಕಾಂನವಳು, ಇದನ್ನು ಬಿಡ್ಲಿಕ್ಕಾಗ್ತದಾ?

1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದವರು, ಮೈ ಕೊಬ್ಬು ತಯಾರಿಸಲು ಬಳಸುವ ಒಂದು ಎನ್‌ಜೈಮನ್ನು ಎಚ್‌ಸಿಎ ತಡೀತದೆ ಅಂತ ಕಂಡುಕೊಂಡಿದ್ದರು. 1990ರ ದಶಕದಲ್ಲಿ ಅದು ತೂಕ ಇಳಿಸುವ ಮಾತ್ರೆ ಆಯ್ತು. ಉತ್ತರ ಕನ್ನಡದಲ್ಲಿ ಉಪ್ಪಾಗೆ ಸಿಪ್ಪೆಯ ರೇಟ್ ಏರಿತು. ಕಾಡಿನ ಮರ, ಯಾರು ಮೊದಲು ಕಿತ್ತರೋ ಅವರದ್ದು. ಬೇರೆಯವರು ಬರುವ ಮೊದಲು ಅಂತ ಕಾಯಿ ಇರುವಾಗಲೇ ಕಿತ್ತರು, ಕೊಂಬೆ ಕಡಿದರು. ಹಣ್ಣು ಬರುವುದು ಮಳೆಗಾಲದಲ್ಲಿ, ಬಿಸಿಲಿಲ್ಲ. ಒಣಗಿಸಲು ಮತ್ತೆ ಕಾಡಿನದ್ದೇ ಸೌದೆ ಉರಿಸಿದರು. ಎಕನಾಮಿಕ್ಸ್ ಕ್ಲಾಸಿನ 'ಕಾಮನ್ಸ್' ಪಾಠಕ್ಕೆ ಬ್ರಿಟನ್ನಿನ ಹುಲ್ಲುಗಾವಲು ಯಾಕೆ, ಶಿರಸಿ ಸಾಕು.

1998ರಲ್ಲಿ ನ್ಯೂಯಾರ್ಕಿನ ಸಂಶೋಧಕರು 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಎಚ್‌ಸಿಎ ತಿಂದವರ ತೂಕ, ಸುಮ್ಮನೆ ಡಮ್ಮಿ ಮಾತ್ರೆ ತಿಂದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಸಿಪ್ಪೆಯ ರೇಟೂ ಮುಂದೆ ಬಿತ್ತು. ಕಡಿದ ಕೊಂಬೆ ಮಾತ್ರ ರೇಟಿನ ಹಾಗೆ ಏರಿ ಇಳಿಯುವುದಿಲ್ಲ.

5/5
ಗಾರ್ಸಿನಾಲ್ ಸರದಿ ಆಮೇಲೆ ಬಂತು. 2000ದಲ್ಲಿ ಜಪಾನಿನವರು ಅದರ ಆಂಟಿಆಕ್ಸಿಡೆಂಟ್ ಗುಣ ಅಳೆದು ಬರೆದರು. 2004ರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ, ಜೀನ್‌ಗಳನ್ನು ಆನ್ ಮಾಡುವ ಕೆಲಸದಲ್ಲಿರುವ ಪಿ300 ಎಂಬ ಎನ್‌ಜೈಮನ್ನು ಇದು ತಡೆಯುತ್ತದೆ ಅಂತ ತೋರಿಸಿತು. ಕ್ಯಾನ್ಸರ್ ಸಂಶೋಧಕರು ಗಾರ್ಸಿನಾಲ್ ಹಿಂದೆ ಬೀಳಲು ಇದೂ ಒಂದು ಕಾರಣ. ಬೆಂಗಳೂರಿನ ಸಾಮಿ ಲ್ಯಾಬ್ಸ್ ಎಚ್‌ಸಿಎ ಜೊತೆ ಗಾರ್ಸಿನಾಲ್ ಸೇರಿಸಿದ ಎಕ್ಸ್‌ಟ್ರಾಕ್ಟನ್ನು ಮಾರುಕಟ್ಟೆಗೂ ತಂತು.

ಆದರೆ ಹೆಚ್ಚಿನ ಪ್ರಯೋಗ ಆದದ್ದು ಲ್ಯಾಬಿನ ಜೀವಕೋಶಗಳ ಮೇಲೆ, ಇಲಿಗಳ ಮೇಲೆ. ಡಾಕ್ಟರ್ ಚೀಟಿಯಲ್ಲಿ ಬರೆದುಕೊಡುವ ಔಷಧಿ ಇನ್ನೂ ಆಗಿಲ್ಲ. ಫ್ಯಾಮಿಲಿ ಗ್ರೂಪಲ್ಲಿ 'ಪುನರ್ಪುಳಿ ಕುಡಿದ್ರೆ ಕ್ಯಾನ್ಸರ್ ಮಾಯ' ಅಂತ ಫಾರ್ವರ್ಡ್ ಬಂದ್ರೆ, ಅದನ್ನು ನಂಬಿ ಕೀಮೋ ಬಿಡುವವರು ಇರ್ತಾರೆ. ಪಿತ್ತಕ್ಕೆ, ಸೆಕೆಗೆ ಕುಡಿಯುವುದು ಬೇರೆ, ಅದಕ್ಕೆ ನನ್ನದೇನೂ ತಕರಾರಿಲ್ಲ.

ಇನ್ನೊಂದು. ಕಾಡಿನ ಗಿಡದಿಂದ ಕಂಪನಿ ಲಾಭ ಮಾಡಿದ್ರೆ ಊರಿನವರಿಗೂ ಪಾಲು ಸಿಗಬೇಕು ಅನ್ನುವ ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಉಪ್ಪಾಗೆ ಬೂಮ್ ಅಷ್ಟರಲ್ಲಿ ಆಗಿ ಹೋಗಿತ್ತು.

ನಿಮ್ಮ ಮನೇಲಿ ಸಿಪ್ಪೆ ಒಣಗಿಸಿ ಅಂಗಡಿಗೆ ಕೊಡ್ತಾರಾ? ಕೆಜಿಗೆ ಎಷ್ಟು ಸಿಗ್ತದೆ, ಕಾಮೆಂಟಲ್ಲಿ ಹಾಕಿ. ಕ್ಯಾಪ್ಸೂಲ್ ಡಬ್ಬದ ರೇಟ್ ಪಕ್ಕ ಇಟ್ಟು ನೋಡುವ.

#ಪುನರ್ಪುಳಿ #ಉಪ್ಪಾಗೆ #ಕುಡ್ಲ