ಆಟದಂಗಳದ ಧರ್ಮ, ಕಿರುತೆರೆಯ ಧರ್ಮ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ವೀಕ್ಷಕ ವಿವರಣೆಯಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. ಪಂದ್ಯ ಮುಗಿಯಲು ಒಂದೋ ಎರಡೋ ಸೆಕೆಂಡು ಉಳಿದಿರುತ್ತದೆ. ಗುರಿಯಿಡಲು ವ್ಯವಧಾನವಿಲ್ಲದ ಆಟಗಾರ ದೂರದಿಂದಲೇ ಚೆಂಡನ್ನು ಬುಟ್ಟಿಯತ್ತ ಎಸೆದುಬಿಡುತ್ತಾನೆ. ಅಂಥ ಎಸೆತಕ್ಕೆ ಅಲ್ಲಿ ‘ಪ್ರೇಯರ್’ ಎಂದೇ ಹೆಸರು. ಚೆಂಡು ಬುಟ್ಟಿಗೆ ಬಿದ್ದರೆ ಪ್ರಾರ್ಥನೆ ಫಲಿಸಿತೆಂದು ವಿವರಣೆಕಾರ ಕೂಗುತ್ತಾನೆ. ಈ ಮಾತಿಗೆ ಯಾವ ಭಕ್ತನೂ ಬೇಸರಿಸುವುದಿಲ್ಲ, ಯಾವ ನಾಸ್ತಿಕನೂ ತಕರಾರು ತೆಗೆಯುವುದಿಲ್ಲ.

ಆದರೆ ಅದೇ ಆಟಗಾರ ‘ಭಾನುವಾರ ದೇವರ ದಿನ, ಅಂದು ಆಡಲಾರೆ’ ಎಂದರೆ? ಅಥವಾ ಆಟಗಾರ್ತಿಯೊಬ್ಬಳು ‘ತಲೆಯ ಮೇಲಿನ ವಸ್ತ್ರ ತೆಗೆಯಲಾರೆ’ ಎಂದರೆ? ಆಗ ಸಮಿತಿಗಳು ಸಭೆ ಸೇರುತ್ತವೆ, ವೇಳಾಪಟ್ಟಿಗಳು ಅಲುಗಾಡುತ್ತವೆ. ಅಲಂಕಾರವಾಗಿ ಬರುವ ಧರ್ಮಕ್ಕೆ ಕಿರುತೆರೆಯಲ್ಲಿ ಸಿಗುವ ಸ್ವಾಗತ ಆಚರಣೆಯಾಗಿ ಬರುವ ಧರ್ಮಕ್ಕೆ ಸಿಗುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಮಟ್ಟಿಗಂತೂ ಇದು ವಿಚಿತ್ರವೇ ಸರಿ. ಏಕೆಂದರೆ ಈ ಆಟ ಹುಟ್ಟಿದ್ದೇ ಧರ್ಮಪ್ರಚಾರದ ಮನೆಯಲ್ಲಿ.

1891ರ ಡಿಸೆಂಬರ್. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ ಕೆನಡಾ ಮೂಲದ ಜೇಮ್ಸ್ ನೈಸ್ಮಿತ್ ಎಂಬ ತರುಣ ಅಧ್ಯಾಪಕರಿದ್ದರು. ಮಾಂಟ್ರಿಯಲ್‌ನಲ್ಲಿ ದೈವಶಾಸ್ತ್ರ ಓದಿ ಬಂದವರು. ಹೊರಗೆ ಹಿಮ ಸುರಿಯುವ ತಿಂಗಳುಗಳಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಹುಡುಕುವ ಕೆಲಸ ಅವರ ಪಾಲಿಗೆ ಬಂತು. ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಹೊಡೆದು, 13 ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಗಟ್ಟಿಮುಟ್ಟಾದ ದೇಹದಲ್ಲೇ ಗಟ್ಟಿಯಾದ ಕ್ರೈಸ್ತ ಶೀಲ ನೆಲೆಸುತ್ತದೆ ಎಂಬ ನಂಬಿಕೆ ಆ ಕಾಲದ ಪ್ರೊಟೆಸ್ಟೆಂಟರಲ್ಲಿ ಪ್ರಬಲವಾಗಿತ್ತು. ವ್ಯಾಯಾಮಶಾಲೆಯಲ್ಲಿ ನಿಂತು ದೇವರ ಕೆಲಸ ಮಾಡಬಹುದೆಂದು ನೈಸ್ಮಿತ್ ಕೂಡ ನಂಬಿದ್ದರು.

ವೈಎಂಸಿಎ ಹೋದಲ್ಲೆಲ್ಲ ಆಟವೂ ಹೋಯಿತು. ಭಾರತದಲ್ಲಿ ಅದು ಬೇರುಬಿಡಲು ನೆರವಾದದ್ದೂ ಇದೇ ಸಂಸ್ಥೆ. 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆಯನ್ನು ಆರಂಭಿಸಿದ ಹ್ಯಾರಿ ಕ್ರೋ ಬಕ್ ಅಮೆರಿಕದಿಂದ ಬಂದವರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ಮ್ಯಾನೇಜರ್ ಕೂಡ ಅವರೇ.

ತಮಾಷೆಯೆಂದರೆ, ಪ್ರೊಟೆಸ್ಟೆಂಟರು ಹುಟ್ಟುಹಾಕಿದ ಈ ಆಟವನ್ನು ಅಮೆರಿಕದಲ್ಲಿ ಎತ್ತಿ ಆಡಿಸಿದವರಲ್ಲಿ ಕೆಥೋಲಿಕರು ಮುಂಚೂಣಿಯಲ್ಲಿದ್ದರು. ಇದಕ್ಕೆ ಕಾರಣ ಭಕ್ತಿಯಲ್ಲ, ಬಡತನ. ಐರ್ಲೆಂಡ್, ಇಟಲಿ, ಪೋಲೆಂಡುಗಳಿಂದ ವಲಸೆ ಬಂದ ಕೂಲಿಕಾರರ ಮಕ್ಕಳಿಗಾಗಿ ಚರ್ಚುಗಳು ಕೈಗಾರಿಕಾ ನಗರಗಳ ನಡುವೆಯೇ ಕಾಲೇಜು ತೆರೆದಿದ್ದವು. ಅವುಗಳಿಗೆ ವಿಶಾಲ ಮೈದಾನವಿರಲಿಲ್ಲ. ಅಮೆರಿಕನ್ ಫುಟ್‌ಬಾಲ್ ತಂಡ ಸಾಕುವಷ್ಟು ಹಣವೂ ಇರಲಿಲ್ಲ. ಬ್ಯಾಸ್ಕೆಟ್‌ಬಾಲ್‌ಗೆ ಐದು ಹುಡುಗರು, ಒಂದು ಚೆಂಡು, ಒಂದು ಮಾಡು ಇದ್ದರೆ ಸಾಕು. 1947ರಲ್ಲಿ ಹೋಲಿ ಕ್ರಾಸ್, 1954ರಲ್ಲಿ ಲಾಸಾಲ್, 1955 ಮತ್ತು 1956ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, 1963ರಲ್ಲಿ ಷಿಕಾಗೋದ ಲೊಯೋಲಾ, 1977ರಲ್ಲಿ ಮಾರ್ಕೆಟ್ — ಹೀಗೆ ರಾಷ್ಟ್ರೀಯ ಚಾಂಪಿಯನ್ ಪಟ್ಟ ಒಂದಾದ ಮೇಲೊಂದು ಕೆಥೋಲಿಕ್ ಕಾಲೇಜಿನ ಪಾಲಾಯಿತು.

ಪೈಪೋಟಿಗಳು ಬೆಳೆದದ್ದು ಈ ನೆಲದಲ್ಲಿ. ಅದರ ಸೊಗಸು ನೋಡಬೇಕಾದರೆ ಫಿಲಡೆಲ್ಫಿಯಾ ನಗರಕ್ಕೇ ಹೋಗಬೇಕು. ಅಲ್ಲಿನ ಐದು ಕಾಲೇಜುಗಳು 1955ರಲ್ಲಿ ‘ಬಿಗ್ ಫೈವ್’ ಎಂಬ ಕೂಟ ಕಟ್ಟಿಕೊಂಡವು. ಅವುಗಳಲ್ಲಿ ಮೂರು ಕೆಥೋಲಿಕ್ ಸಂಸ್ಥೆಗಳು. ವಿಲನೋವ ಅಗಸ್ಟೀನಿಯನ್ ಸನ್ಯಾಸಿಗಳದು. ಲಾಸಾಲ್ ಕ್ರಿಶ್ಚಿಯನ್ ಬ್ರದರ್ಸ್ ಸಂಘದ್ದು. ಸೇಂಟ್ ಜೋಸೆಫ್ಸ್ ಯೇಸುಸಭೆಯ, ಅಂದರೆ ಜೆಸ್ವಿಟರ ಕಾಲೇಜು. ನಮ್ಮ ಬೆಂಗಳೂರಿನ ಸೇಂಟ್ ಜೋಸೆಫ್ಸ್, ಮಂಗಳೂರಿನ ಸೇಂಟ್ ಅಲೋಶಿಯಸ್ ವಿದ್ಯಾಸಂಸ್ಥೆಗಳನ್ನು ನಡೆಸುವವರೂ ಇದೇ ಸಭೆಯವರು.

ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ಸ್‌ಗೂ ವಿಲನೋವಕ್ಕೂ ಪಂದ್ಯ ನಡೆದರೆ ಊರಿಗೆ ಊರೇ ಅದನ್ನು ‘ಪವಿತ್ರ ಯುದ್ಧ’ ಎನ್ನುತ್ತದೆ. ಒಂದೇ ಪೋಪ್, ಒಂದೇ ಪೂಜಾವಿಧಿ, ಒಂದೇ ಜಪಸರ, ಆದರೂ ಯುದ್ಧ! ದಾಯಾದಿ ಜಗಳ ಬಲ್ಲ ನಮ್ಮವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಈ ಪಂದ್ಯಗಳು ಬಹುಕಾಲ ನಡೆದದ್ದು 1927ರಲ್ಲಿ ತೆರೆದ ಪ್ಯಾಲೆಸ್ಟ್ರಾ ಎಂಬ ಒಳಾಂಗಣದಲ್ಲಿ. ಅದಕ್ಕೆ ‘ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಕೆಥೆಡ್ರಲ್’ ಎಂಬ ಬಿರುದಿದೆ. ತಮ್ಮ ತಂಡದ ಮೊದಲ ಬುಟ್ಟಿ ಬಿದ್ದೊಡನೆ ವಿದ್ಯಾರ್ಥಿಗಳು ಬಣ್ಣದ ಕಾಗದದ ಸುರುಳಿಗಳನ್ನು ಅಂಗಳಕ್ಕೆ ಎಸೆಯುತ್ತಿದ್ದರು. ಎದುರಾಳಿಯನ್ನು ಹಂಗಿಸುವ ಉದ್ದನೆಯ ಬ್ಯಾನರುಗಳನ್ನು ಗ್ಯಾಲರಿಯುದ್ದಕ್ಕೂ ಬಿಚ್ಚುತ್ತಿದ್ದರು. ಸೇಂಟ್ ಜೋಸೆಫ್ಸ್‌ನ ಗಿಡುಗ ವೇಷಧಾರಿಯಂತೂ ಪಂದ್ಯ ಮುಗಿಯುವವರೆಗೆ ಒಂದು ಕ್ಷಣವೂ ನಿಲ್ಲದೆ ರೆಕ್ಕೆ ಬಡಿಯುತ್ತಲೇ ಇರಬೇಕು. ಇದೂ ಒಂದು ಬಗೆಯ ವ್ರತ ಎನ್ನಬೇಕು.

ಇಷ್ಟೂ ಆ ಊರಿನೊಳಗಿನ ಸಡಗರ. ಅದನ್ನು ದೇಶದ ಸರಕಾಗಿ ಮಾಡಿದ್ದು ಟೆಲಿವಿಷನ್. 1979ರಲ್ಲಿ ಎರಡು ಘಟನೆಗಳು ಒಟ್ಟಿಗೇ ಜರುಗಿದವು. ಪ್ರಾವಿಡೆನ್ಸ್ ಕಾಲೇಜಿನ ಡೇವ್ ಗ್ಯಾವಿಟ್ ಅವರ ಮುಂದಾಳತ್ವದಲ್ಲಿ ‘ಬಿಗ್ ಈಸ್ಟ್’ ಕೂಟ ಹುಟ್ಟಿತು. ದಿನವಿಡೀ ಕ್ರೀಡೆಯನ್ನೇ ತೋರಿಸುವ ಇಎಸ್‌ಪಿಎನ್ ವಾಹಿನಿಯೂ ಆಗಲೇ ಆರಂಭವಾಯಿತು. ವಾಹಿನಿಗೆ ಗಂಟೆಗಟ್ಟಲೆ ತುಂಬಿಸಲು ಪಂದ್ಯಗಳು ಬೇಕಿದ್ದವು, ಕೂಟಕ್ಕೆ ದೇಶದ ಕಣ್ಣು ಬೇಕಿತ್ತು. ಜಾರ್ಜ್‌ಟೌನ್, ಸೇಂಟ್ ಜಾನ್ಸ್, ಪ್ರಾವಿಡೆನ್ಸ್, ಸೀಟನ್ ಹಾಲ್, ಬಾಸ್ಟನ್ ಕಾಲೇಜ್, ಮರುವರ್ಷ ಸೇರಿದ ವಿಲನೋವ — ಎಲ್ಲವೂ ದೊಡ್ಡ ನಗರಗಳ ಸುತ್ತಲಿನ ಕೆಥೋಲಿಕ್ ಸಂಸ್ಥೆಗಳು. ದೊಡ್ಡ ನಗರವೆಂದರೆ ದೊಡ್ಡ ಸಂಖ್ಯೆಯ ವೀಕ್ಷಕರು.

1985ರಲ್ಲಿ ಇದರ ಫಲ ಕಂಡಿತು. ಆ ವರ್ಷ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್ ಮುಟ್ಟಿದ ನಾಲ್ಕು ತಂಡಗಳಲ್ಲಿ ಮೂರು ಬಿಗ್ ಈಸ್ಟ್‌ನವು, ಮೂರೂ ಕೆಥೋಲಿಕ್ ಕಾಲೇಜಿನವು. ಏಪ್ರಿಲ್ 1ರಂದು ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ, ಎಂಟನೇ ಶ್ರೇಯಾಂಕದ ವಿಲನೋವ ಹಿಂದಿನ ವರ್ಷದ ಚಾಂಪಿಯನ್ ಜಾರ್ಜ್‌ಟೌನನ್ನು 66–64ರಿಂದ ಮಣಿಸಿತು. ವಿಲನೋವ ಎಸೆದ 28 ಎಸೆತಗಳಲ್ಲಿ 22 ಬುಟ್ಟಿ ಸೇರಿದವು. ಚೆಂಡನ್ನು ಇಂತಿಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮ ಆಗಿನ್ನೂ ಬಂದಿರಲಿಲ್ಲ. ಕಾದು, ಆಯ್ದು ಎಸೆಯುವ ತಾಳ್ಮೆಯೇ ಅಂದು ಗೆದ್ದಿತು. ಆದರೆ ಜನರ ಬಾಯಲ್ಲಿ ಉಳಿದದ್ದು ‘ಪವಾಡ’ ಎಂಬ ಪದ. ಕೆಥೋಲಿಕ್ ಕಾಲೇಜು ಗೆದ್ದರೆ ಪವಾಡ, ಸರ್ಕಾರಿ ವಿಶ್ವವಿದ್ಯಾಲಯ ಗೆದ್ದರೆ ಕಾರ್ಯತಂತ್ರ! 2025ರ ಮೇ ತಿಂಗಳಲ್ಲಿ ವಿಲನೋವದ 1977ರ ಪದವೀಧರರೊಬ್ಬರು ಹದಿನಾಲ್ಕನೇ ಲಿಯೋ ಹೆಸರಿನಲ್ಲಿ ಪೋಪ್ ಆದಾಗಲಂತೂ ಬ್ಯಾಸ್ಕೆಟ್‌ಬಾಲ್ ಹಾಸ್ಯಗಳಿಗೆ ಕೊನೆಯೇ ಇರಲಿಲ್ಲ.

ಟೆಲಿವಿಷನ್ನಿನ ಈ ಚಪಲವನ್ನು ಬೇಗ ಅರಿತವನು ರೋಲೆನ್ ಸ್ಟುವರ್ಟ್. 1970ರ ದಶಕದ ಕೊನೆಯಲ್ಲಿ ಕಾಮನಬಿಲ್ಲಿನ ಬಣ್ಣದ ಟೋಪನ್ ಧರಿಸಿ ದೊಡ್ಡ ಪಂದ್ಯಗಳಲ್ಲಿ ಕ್ಯಾಮೆರಾಗೆ ಸಿಗುವಂಥ ಜಾಗ ಹಿಡಿದು ಕುಳಿತ. ಬಳಿಕ ಯೋಹಾನನ ಸುವಾರ್ತೆಯ ಮೂರನೇ ಅಧ್ಯಾಯದ ಹದಿನಾರನೇ ವಚನವನ್ನು ಸೂಚಿಸುವ ಫಲಕ ಹಿಡಿಯತೊಡಗಿದ. ಕ್ಯಾಮೆರಾ ಎತ್ತ ತಿರುಗುತ್ತದೆಂದು ತಿಳಿಯಲು ಪುಟ್ಟ ಟಿ.ವಿ.ಯನ್ನೂ ಜತೆಗೊಯ್ಯುತ್ತಿದ್ದ. 1992ರಲ್ಲಿ ಲಾಸ್ ಏಂಜಲಿಸ್‌ನ ಹೋಟೆಲೊಂದರಲ್ಲಿ ಒತ್ತೆಸೆರೆ ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದು ಜೀವಾವಧಿ ಶಿಕ್ಷೆಗೊಳಗಾದ. ಆತನಿಲ್ಲದಿದ್ದರೂ ಆ ಅಂಕಿಗಳ ಫಲಕ ಮಾತ್ರ ಅಮೆರಿಕದ ಮೈದಾನಗಳಲ್ಲಿ ಉಳಿಯಿತು.

ಕಿರುತೆರೆಗೆ ಒಪ್ಪುವ ಭಕ್ತಿಯ ಸೌಮ್ಯ ರೂಪ ಸಿಕ್ಕಿದ್ದು 2018ರಲ್ಲಿ. ಷಿಕಾಗೋದ ಲೊಯೋಲಾ ತಂಡದ ಚಾಪ್ಲಿನ್, ಅಂದರೆ ಆಧ್ಯಾತ್ಮಿಕ ಮಾರ್ಗದರ್ಶಿ, ಸಿಸ್ಟರ್ ಜೀನ್ ಡೊಲೊರಿಸ್ ಶ್ಮಿಟ್ ಅವರಿಗೆ ಆಗ 98 ವರ್ಷ. ಸೊಂಟ ಮುರಿದು ಗಾಲಿಕುರ್ಚಿಯಲ್ಲಿದ್ದರು. ಕೊರಳಿಗೆ ಕಾಲೇಜಿನ ಬಣ್ಣದ ಸ್ಕಾರ್ಫ್. 11ನೇ ಶ್ರೇಯಾಂಕದ ಲೊಯೋಲಾ ಮೂರು ಪಂದ್ಯಗಳನ್ನು ಒಟ್ಟು ನಾಲ್ಕೇ ಅಂಕಗಳ ಅಂತರದಲ್ಲಿ ಗೆದ್ದು, ನಾಲ್ಕನೆಯದನ್ನೂ ಗೆದ್ದು ಸೆಮಿಫೈನಲ್ ಸೇರಿದಾಗ ಕ್ಯಾಮೆರಾಗಳು ಆಟಗಾರರನ್ನು ಬಿಟ್ಟು ಅಜ್ಜಿಯನ್ನು ಹಿಂಬಾಲಿಸಿದವು. ಸ್ಯಾನ್ ಆಂಟೋನಿಯೊದಲ್ಲಿ ಅವರ ಪತ್ರಿಕಾಗೋಷ್ಠಿಗೆ ಕಿಕ್ಕಿರಿದ ಜನ. ತಲೆಯಾಡಿಸುವ ಗೊಂಬೆಗಳೂ ಮಾರುಕಟ್ಟೆಗೆ ಬಂದವು.

ಅವರದು ಬರೀ ಆಶೀರ್ವಾದವಾಗಿರಲಿಲ್ಲ. ಪ್ರತಿ ಪಂದ್ಯದ ನಂತರ ಆಟಗಾರರಿಗೆ ಇ-ಮೇಲ್ ಬರೆದು ತಪ್ಪು-ಒಪ್ಪು ತಿಳಿಸುತ್ತಿದ್ದರು. ಪಂದ್ಯದ ಮೊದಲಿನ ಪ್ರಾರ್ಥನೆಯಲ್ಲಿ ಎದುರಾಳಿಯ ದೌರ್ಬಲ್ಯಗಳನ್ನೂ ದೇವರ ಗಮನಕ್ಕೆ ತರುತ್ತಿದ್ದರು! 2025ರ ಅಕ್ಟೋಬರ್ 9ರಂದು, 106ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕ್ರೀಡಾ ವಾಹಿನಿಗಳೇ ಮುಂದಾಗಿ ಶ್ರದ್ಧಾಂಜಲಿ ಸಲ್ಲಿಸಿದವು. ಅವರ ಭಕ್ತಿ ನಿಜವಾದದ್ದು. ಆದರೆ ಅದು ಪ್ರಸಾರದವರಿಂದ ಏನನ್ನೂ ಕೇಳಲಿಲ್ಲ ಎಂಬುದೂ ಅಷ್ಟೇ ನಿಜ.

ಕೇಳಿದ್ದು ಪಶ್ಚಿಮದ ಯೂಟಾ ರಾಜ್ಯದ ಮಾರ್ಮನ್ನರು. ಅವರ ಚರ್ಚಿಗೆ ಸೇರಿದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಭಾನುವಾರ ಯಾವ ಪಂದ್ಯವನ್ನೂ ಆಡುವುದಿಲ್ಲ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ತನ್ನ ಟೂರ್ನಿಯನ್ನು ಗುರುವಾರ–ಶನಿವಾರ, ಶುಕ್ರವಾರ–ಭಾನುವಾರ ಎಂದು ಎರಡು ಜೋಡಿಗಳಲ್ಲಿ ಹಂಚುತ್ತದೆ. ಈ ತಂಡಕ್ಕೆ ಮೊದಲ ಜೋಡಿಯೇ ಬೇಕು. 2003ರಲ್ಲಿ ಸಮಿತಿ ಕಣ್ತಪ್ಪಿ ತಂಡವನ್ನು ಮೂರನೇ ಸುತ್ತಿನ ನಂತರ ಭಾನುವಾರದ ಪಂದ್ಯ ಎದುರಾಗುವ ಕಡೆ ಹಾಕಿಬಿಟ್ಟಿತು. ತಂಡ ಅಲ್ಲಿಯವರೆಗೆ ಬಂದರೆ ಎರಡು ವಿಭಾಗಗಳ ತಂಡಗಳನ್ನು ಅದಲುಬದಲು ಮಾಡುವುದಾಗಿ ಹೇಳಬೇಕಾಯಿತು. ತಂಡ ಮೊದಲ ಸುತ್ತಿನಲ್ಲೇ ಕನೆಕ್ಟಿಕಟ್‌ಗೆ 58–53ರಿಂದ ಸೋತಿತು. ಸಮಿತಿ ನಿಟ್ಟುಸಿರು ಬಿಟ್ಟಿರಬೇಕು. 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಸಂಸ್ಥೆಗಳು ಈ ಟೂರ್ನಿಯ ಪ್ರಸಾರಕ್ಕೆ 14 ವರ್ಷಗಳಿಗೆ 1,080 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡವು. ಅಷ್ಟು ಹಣ ಸುರಿದ ವೇಳಾಪಟ್ಟಿಯೊಳಗೆ ಒಂದು ಭಾನುವಾರದ ಬೆಲೆ ಎಷ್ಟೆಂದು ಓದುಗರೇ ಊಹಿಸಬಹುದು.

ಬ್ರಿಗಮ್ ಯಂಗ್‌ನ ಶಿಸ್ತು ಇಲ್ಲಿಗೇ ಮುಗಿಯುವುದಿಲ್ಲ. ಮದ್ಯ, ತಂಬಾಕು ಇರಲಿ, ಕಾಫಿ–ಚಹಾ ಕೂಡ ನಿಷಿದ್ಧ. 2011ರ ಮಾರ್ಚ್‌ನಲ್ಲಿ ತಂಡ ದೇಶದಲ್ಲೇ ಮೂರನೇ ಸ್ಥಾನದಲ್ಲಿತ್ತು. ಆಗ ನೀತಿಸಂಹಿತೆ ಮುರಿದನೆಂದು ಪ್ರಮುಖ ಆಟಗಾರನೊಬ್ಬನನ್ನು ವಿಶ್ವವಿದ್ಯಾಲಯ ಹೊರಗಿಟ್ಟಿತು. ಮುಂದಿನ ಪಂದ್ಯವನ್ನೇ ತಂಡ ತವರಿನಲ್ಲಿ ನ್ಯೂ ಮೆಕ್ಸಿಕೊಗೆ ಸೋತಿತು. ಗೆಲುವಿಗಿಂತ ಮಾತು ದೊಡ್ಡದೆಂದು ಕೆಲವರು ಮೆಚ್ಚಿದರು. ಇದೆಂಥ ಹಳೆಯ ಕಾಲದ ಕಟ್ಟಳೆ ಎಂದು ಕೆಲವರು ನಕ್ಕರು. ಹುಡುಗ ಮರುವರ್ಷ ತಂಡಕ್ಕೆ ಮರಳಿದ.

ನಗು ಹಂಗಾಗಿ, ಹಂಗು ನಿಂದೆಯಾಗಿ ತಿರುಗಲು ಹೊತ್ತು ಬೇಕಿಲ್ಲ. 2024ರ ಡಿಸೆಂಬರ್‌ನಲ್ಲಿ ಪ್ರಾವಿಡೆನ್ಸ್‌ನಲ್ಲೂ 2025ರ ಫೆಬ್ರುವರಿಯಲ್ಲಿ ಅರಿಜೋನಾದಲ್ಲೂ ಪ್ರೇಕ್ಷಕರು ಬ್ರಿಗಮ್ ಯಂಗ್ ಎದುರು ಮಾರ್ಮನ್ನರನ್ನು ಅಶ್ಲೀಲವಾಗಿ ಬೈಯುವ ಘೋಷಣೆ ಕೂಗಿದರು. ಎರಡೂ ವಿಶ್ವವಿದ್ಯಾಲಯಗಳು ಕ್ಷಮೆ ಕೇಳಿದವು. ಪ್ರಾವಿಡೆನ್ಸ್ ಡೊಮಿನಿಕನ್ ಗುರುಗಳ ಕಾಲೇಜು. ಅಮೆರಿಕದಲ್ಲಿ ಒಂದು ಕಾಲಕ್ಕೆ ಕೆಥೋಲಿಕರು ಯಾವ ಬೈಗುಳ ತಿಂದಿದ್ದರೋ ಅದರ ಸೋದರ ಬೈಗುಳವೇ ಅವರ ಅಂಗಳದಲ್ಲಿ ಮೊಳಗಿತು.

ಕ್ರೈಸ್ತೇತರರ ಪಾಡು ಇನ್ನೂ ಬಿಗಿಯಾದದ್ದು. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತಾರೆಯಾಗಿದ್ದ ಕ್ರಿಸ್ ಜಾಕ್ಸನ್ ಇಸ್ಲಾಂ ಸ್ವೀಕರಿಸಿ ಮಹಮೂದ್ ಅಬ್ದುಲ್ ರವೂಫ್ ಆದರು. ವೃತ್ತಿಪರ ಲೀಗಿನಲ್ಲಿ ಡೆನ್ವರ್ ಪರ ಆಡುತ್ತಿದ್ದ ಅವರು ರಾಷ್ಟ್ರಗೀತೆಗೆ ನಿಲ್ಲಲು ತಮ್ಮ ನಂಬಿಕೆ ಒಪ್ಪದೆಂದಾಗ, 1996ರ ಮಾರ್ಚ್‌ನಲ್ಲಿ ಲೀಗ್ ಅವರನ್ನು ಅಮಾನತು ಮಾಡಿತು. ಕೊನೆಗೆ ರಾಜಿಯಾಯಿತು: ನಿಲ್ಲುವುದು, ಆದರೆ ತಲೆಬಾಗಿ ಪ್ರಾರ್ಥಿಸುವುದು. ಕ್ಯಾಮೆರಾಗಳ ಎದುರು ಅವರು ಅಂಗೈಗಳಲ್ಲಿ ಮುಖವಿಟ್ಟು ನಿಜವಾದ ಪ್ರಾರ್ಥನೆ ಮಾಡಿದಾಗ ಗ್ಯಾಲರಿಯಿಂದ ಬಂದದ್ದು ಧಿಕ್ಕಾರದ ಕೂಗು.

ಸ್ಪ್ರಿಂಗ್‌ಫೀಲ್ಡ್‌ನಲ್ಲೇ, ನೈಸ್ಮಿತ್ ಬುಟ್ಟಿ ಹೊಡೆದ ಅದೇ ಊರಿನಲ್ಲಿ, ಬಿಲ್ಕಿಸ್ ಅಬ್ದುಲ್ ಖಾದಿರ್ ಎಂಬ ಹುಡುಗಿ ಬೆಳೆದಳು. ಪ್ರೌಢಶಾಲಾ ಮಟ್ಟದಲ್ಲಿ 3,000ಕ್ಕೂ ಹೆಚ್ಚು ಅಂಕ ಗಳಿಸಿ ರಾಜ್ಯದ ದಾಖಲೆ ಮುರಿದಳು. ಮೆಂಫಿಸ್ ವಿಶ್ವವಿದ್ಯಾಲಯದ ಪರ ತಲೆವಸ್ತ್ರ ಧರಿಸಿಯೇ ಆಡಿದಳು. ಎನ್‌ಸಿಎಎಯ ಮೊದಲ ದರ್ಜೆಯ ಕಾಲೇಜು ಆಟದಲ್ಲಿ ಹಾಗೆ ಆಡಿದ ಮೊದಲಿಗಳು ಆಕೆ. ಪದವಿಯ ನಂತರ ಯೂರೋಪಿನಲ್ಲಿ ವೃತ್ತಿಪರವಾಗಿ ಆಡಬೇಕೆಂದಿದ್ದಾಗ ಅಂತಾರಾಷ್ಟ್ರೀಯ ಫೆಡರೇಷನ್ ಫೀಬಾದ ನಿಯಮ ಅಡ್ಡ ಬಂತು. ಅದರ ಪ್ರಕಾರ ತಲೆಯ ಮೇಲೆ ವಸ್ತ್ರವಿರುವಂತಿಲ್ಲ, ಕಾರಣ ಸುರಕ್ಷತೆ. ಇದೇ ನಿಯಮದಿಂದಾಗಿ 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರ್‌ನ ಮಹಿಳಾ ತಂಡ ಆಡದೆ ಹಿಂದಿರುಗಿತ್ತು. ಬಿಲ್ಕಿಸ್ ಮತ್ತಿತರರ ಹೋರಾಟದ ನಂತರ 2017ರ ಮೇ ತಿಂಗಳಲ್ಲಿ ಫೀಬಾ ನಿಯಮ ಬದಲಿಸಿತು. ಅಷ್ಟರಲ್ಲಿ ಆಕೆ ಕಾಲೇಜು ಬಿಟ್ಟು ಮೂರು ವರ್ಷವಾಗಿತ್ತು. ವೃತ್ತಿಪರ ಆಟಗಾರ್ತಿಯಾಗಿ ಬಿಲ್ಕಿಸ್ ಅಂಗಳಕ್ಕಿಳಿಯಲಿಲ್ಲ.