ಚಾರ್ಟರ್ ಶಾಲೆಯ ಸ್ಥಳಾಂತರ: ಬಾಗಿಲು ತೆರೆದಿದ್ದರೂ ದಾರಿ ದೂರ

ಸರ್ಕಾರದ ಹಣದಿಂದ ನಡೆದರೂ ಸ್ವತಂತ್ರ ಆಡಳಿತ ಮಂಡಳಿಯ ನಿರ್ವಹಣೆಯಲ್ಲಿರುವ ಶಾಲೆಗಳನ್ನು ಅಮೆರಿಕದಲ್ಲಿ ಚಾರ್ಟರ್ ಶಾಲೆಗಳೆಂದು ಕರೆಯುತ್ತಾರೆ. ಇದಕ್ಕೆ ಸಂಬಂಧಿಸಿದ ಮೊದಲ ಕಾನೂನು ಜಾರಿಗೆ ಬಂದದ್ದು 1991ರಲ್ಲಿ, ಮಿನ್ನೆಸೋಟ ರಾಜ್ಯದಲ್ಲಿ. ಮರುವರ್ಷ ಅಲ್ಲಿನ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ಆರಂಭವಾಯಿತು. ಇಲ್ಲಿ ಬೋಧನಾ ಶುಲ್ಕವಿಲ್ಲ. ಸೀಟುಗಳಿಗಿಂತ ಅರ್ಜಿಗಳು ಹೆಚ್ಚಾದರೆ ಲಾಟರಿ ಮೂಲಕ ಆಯ್ಕೆ ನಡೆಯುತ್ತದೆ.

ರಾಜಧಾನಿ ವಾಷಿಂಗ್ಟನ್ ನಗರದಲ್ಲಿ ಸರ್ಕಾರಿ ವೆಚ್ಚದಲ್ಲಿ ಓದುವ ಮಕ್ಕಳಲ್ಲಿ ಅರ್ಧಕ್ಕೆ ಸಮೀಪದಷ್ಟು ಮಂದಿ ಚಾರ್ಟರ್ ಶಾಲೆಗಳಲ್ಲಿದ್ದಾರೆ. ಸಾಮಾನ್ಯ ಸರ್ಕಾರಿ ಶಾಲೆಗಿರುವಂತೆ ಇವುಗಳಿಗೆ ಬಡಾವಣೆಯ ಗಡಿಯಿಲ್ಲ. ನಗರದ ಯಾವ ಮಗುವೂ ಅರ್ಜಿ ಸಲ್ಲಿಸಬಹುದು. ಆದರೆ ಕಟ್ಟಡವನ್ನು ಶಾಲೆಯೇ ಹುಡುಕಿಕೊಳ್ಳಬೇಕು. ಆದ್ದರಿಂದ ಸ್ಥಳಾಂತರ ಅಪರೂಪವೇನಲ್ಲ. 2006ರಲ್ಲಿ ಚರ್ಚ್ ಕಟ್ಟಡವೊಂದರಲ್ಲಿ ಆರಂಭವಾದ ವಾಷಿಂಗ್ಟನ್ ಲ್ಯಾಟಿನ್ ಶಾಲೆ, 2013ರಲ್ಲಿ ಮುಚ್ಚಿಹೋಗಿದ್ದ ರುಡಾಲ್ಫ್ ಸರ್ಕಾರಿ ಶಾಲೆಯ ಆವರಣಕ್ಕೆ ಬಂದು ನೆಲೆಸಿತು.

ನಗರದ ಭೂಗೋಳವೇ ಇಲ್ಲಿ ಮುಖ್ಯ ಪ್ರಶ್ನೆ. ರಾಕ್ ಕ್ರೀಕ್ ಉದ್ಯಾನದ ಪಶ್ಚಿಮಕ್ಕೆ ಸಿರಿವಂತ, ಬಹುಪಾಲು ಬಿಳಿಯರ ಬಡಾವಣೆಗಳಿವೆ. ಅನಕೋಸ್ಟಿಯ ನದಿಯ ಪೂರ್ವಕ್ಕೆ ಬಹುಪಾಲು ಕಪ್ಪು ಜನಾಂಗದವರ, ಕಡಿಮೆ ಆದಾಯದ ಬಡಾವಣೆಗಳಿವೆ. ವಿಶೇಷ ಅಗತ್ಯದ ಮಕ್ಕಳನ್ನು ಬಿಟ್ಟರೆ ಉಳಿದವರಲ್ಲಿ ಹೆಚ್ಚಿನವರಿಗೆ ನಗರಾಡಳಿತದ ಶಾಲಾ ಬಸ್ ಸೌಲಭ್ಯವಿಲ್ಲ. ಸಾರ್ವಜನಿಕ ಬಸ್ ಮತ್ತು ಮೆಟ್ರೊದಲ್ಲಿ ವಿದ್ಯಾರ್ಥಿಗಳಿಗೆ ಪ್ರಯಾಣ ಉಚಿತ. ಇದರಿಂದ ಹಣ ಉಳಿಯುತ್ತದೆಯೇ ಹೊರತು ಸಮಯವಲ್ಲ. ಬೆಳಗಿನ ಪಾಳಿಗೆ ಹೊರಡುವ ತಾಯಿ ಚಿಕ್ಕ ಮಗುವನ್ನು ಎರಡು ಬಸ್ ಬದಲಾಯಿಸಿ ಶಾಲೆಗೆ ಬಿಡುವುದು ಸುಲಭವಲ್ಲ.

ಸ್ಥಳಾಂತರದ ಪರಿಣಾಮ ಮೊದಲ ವರ್ಷವೇ ಪೂರ್ಣವಾಗಿ ಗೋಚರಿಸಬೇಕೆಂದಿಲ್ಲ. ಹಳೆಯ ವಿದ್ಯಾರ್ಥಿಗಳು ಕಷ್ಟಪಟ್ಟಾದರೂ ಮುಂದುವರಿಯಬಹುದು. ಹೊಸ ಅರ್ಜಿಗಳು ಮಾತ್ರ ಹೊಸ ನೆರೆಹೊರೆಯಿಂದ ಹೆಚ್ಚತೊಡಗುತ್ತವೆ. ದಾಖಲಾದವರ ತಮ್ಮ-ತಂಗಿಯರಿಗೆ ಆದ್ಯತೆ ಇರುವುದರಿಂದ ಈ ಬದಲಾವಣೆ ಬೇರೂರುತ್ತದೆ. ಪ್ರವೇಶ ನಿಯಮದಲ್ಲಿ ಒಂದಕ್ಷರವೂ ಬದಲಾಗದೆ ತರಗತಿಯ ಸ್ವರೂಪ ಬದಲಾಗುವುದು ಹೀಗೆ. ಲಾಟರಿ ನ್ಯಾಯಯುತವಾಗಿರಬಹುದು, ಆದರೆ ಅರ್ಜಿಯನ್ನೇ ಹಾಕದವರನ್ನು ಅದು ಒಳಗೊಳ್ಳಲಾರದು.

ಹಾಗೆಂದು ಸ್ಥಳಾಂತರವೆಲ್ಲ ಹಾನಿಕರವಲ್ಲ. ಭಿನ್ನ ಸಮುದಾಯಗಳ ನಡುವೆ, ಮೆಟ್ರೊ ನಿಲ್ದಾಣದ ಸಮೀಪ ಶಾಲೆ ನೆಲೆಸಿದರೆ ವೈವಿಧ್ಯ ಹೆಚ್ಚಲೂಬಹುದು. ಕೆಲವು ಶಾಲೆಗಳು ಸ್ವಂತ ವೆಚ್ಚದಲ್ಲಿ ಬಸ್ ಓಡಿಸುತ್ತವೆ. ಬಡತನ ಮತ್ತಿತರ ಸಂಕಷ್ಟದಲ್ಲಿರುವ ಮಕ್ಕಳಿಗೆ ಲಾಟರಿಯಲ್ಲಿ ಆದ್ಯತೆ ನೀಡಲು ಶಾಲೆಗಳಿಗೆ ಅವಕಾಶವನ್ನೂ ಕಲ್ಪಿಸಲಾಗಿದೆ. ಕಟ್ಟಡದ ಬಾಡಿಗೆಯನ್ನು ಲೆಕ್ಕಹಾಕುವಾಗಲೇ ಮಕ್ಕಳ ಮನೆಗಳಿಂದ ಹೊಸ ಆವರಣಕ್ಕೆ ತಗಲುವ ಪ್ರಯಾಣದ ಅವಧಿಯನ್ನೂ ಲೆಕ್ಕಹಾಕುವುದು ಇವೆಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.